ಕೇಳ್ಸತ್ತೆ, ಆದ್ರೆ ಗೊತ್ತಾಗಲ್ಲ

(ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿಯಲ್ಲಿ, ಮಗ್ಗದ ಸದ್ದು ಮತ್ತು ಕಿವಿಯ ಬಗ್ಗೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಆಮೇಲೆ ತಗೊಳ್ಳುತ್ತೇನೆ. ಮೊದಲು ಒಂದು ಆಟ ಆಡೋಣ. ಈ ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ನಾಲ್ಕು ಪದ ಹೇಳುತ್ತೇನೆ. ಫ್ಯಾನು ತಿರುಗುತ್ತಿರಲಿ, ಪಕ್ಕದ ಮನೆಯ ಮಗ್ಗವೂ ಆಡುತ್ತಿರಲಿ. ನಿಮಗೆ ಏನು ಕೇಳಿಸಿತೋ ಅದನ್ನೇ ಕೂಗಿ ಹೇಳಿ, ನಾಚಿಕೊಳ್ಳಬೇಡಿ.

ಮೊದಲನೆಯದು... ಮುಂದಿನ ಸಾಲಿಂದ "ಹಾಲು" ಬಂತು. ಆ ಮೂಲೆಯಿಂದ "ಕಾಲು". ಹಿಂದಿನಿಂದ ಯಾರೋ "ಪಾಲು" ಅಂದರು. ನಾನು ಹೇಳಿದ್ದು "ಸಾಲು". ಸರಿಯಾಗಿ ಹೇಳಿದವರು ಹೆಚ್ಚಿನವರು ಹುಡುಗರು, ಹೆಂಗಸರು. ಮಗ್ಗದ ಮುಂದೆ ಮೂವತ್ತು ವರ್ಷ ನಿಂತ ಯಜಮಾನರು ತಪ್ಪಿದರು.

ಈಗ ಕಾಗದ ತೆಗೆದು ಇನ್ನೊಂದು ಸಲ ಹೇಳುತ್ತೇನೆ. ನೋಡಿ, "ಪಾಲು" ಅಂದಾಗ ಒಬ್ಬರೂ ತಪ್ಪಲಿಲ್ಲ. ಪಾ ಅನ್ನಬೇಕಾದರೆ ತುಟಿ ಮುಚ್ಚಬೇಕು, ಅದು ನಿಮ್ಮ ಕಣ್ಣಿಗೆ ಬಿತ್ತು. ಕಾಲು ಮತ್ತು ಹಾಲು ಮಾತ್ರ ಈಗಲೂ ಅದಲುಬದಲಾಯಿತು, ಏಕೆಂದರೆ ಅವೆರಡೂ ಬಾಯೊಳಗೇ, ಗಂಟಲ ಕಡೆ ಹುಟ್ಟುತ್ತವೆ, ತುಟಿಯ ಮೇಲೆ ಏನೂ ಕಾಣಿಸುವುದಿಲ್ಲ. ಅಂದರೆ ಇಲ್ಲಿ ಕೂತಿರುವವರಲ್ಲಿ ಅರ್ಧದಷ್ಟು ಜನ ಕಣ್ಣಿಂದ ಕೇಳುತ್ತಿದ್ದೀರಿ. ಅದನ್ನು ನಿಮಗೆ ಯಾರೂ ಕಲಿಸಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರ್ ಎಂಬ ಸೀಮೆಯ ಹತ್ತಿ ಗಿರಣಿಗಳಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಹೆಂಗಸರು ಇದನ್ನೇ ಒಂದು ಭಾಷೆಯಂತೆ ಬೆಳೆಸಿಕೊಂಡಿದ್ದರು. ಬಾಯನ್ನು ದೊಡ್ಡದಾಗಿ ಆಡಿಸಿ, ದನಿಯೇ ಇಲ್ಲದೆ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ಹರಟುತ್ತಿದ್ದರು. ಅದಕ್ಕೆ ಅವರು ಇಟ್ಟಿದ್ದ ಹೆಸರು "ಮೀ-ಮಾ". ಮನೆಯ ಗುಟ್ಟನ್ನೆಲ್ಲ ಹಾಗೇ ಮಾತಾಡಿಕೊಳ್ಳುತ್ತಿದ್ದರಂತೆ, ಮೇಸ್ತ್ರಿಗೆ ತಿಳಿಯದ ಹಾಗೆ.

ನಮ್ಮಪ್ಪನೂ ನೇಕಾರರೇ. ರಾತ್ರಿ ಬೆಕ್ಕು ಅಡುಗೆಮನೆಯಲ್ಲಿ ಪಾತ್ರೆ ಉರುಳಿಸಿದರೆ ಮನೆಯಲ್ಲಿ ಮೊದಲು ಎದ್ದು ಕೂರುವವರು ಅವರು. ಅದೇ ಮನುಷ್ಯ ಮದುವೆ ಮನೆಯಲ್ಲಿ ಬೀಗರು ಏನು ಕೇಳಿದರೂ "ಹೂಂ ಹೂಂ" ಅಂದುಕೊಂಡು ನಗುತ್ತಾ ಕೂತಿರುತ್ತಿದ್ದರು. ಅಮ್ಮನ ತೀರ್ಪು ಒಂದೇ: "ನಿಮ್ಮಪ್ಪಂಗೆ ಬೇಕಾದ್ದು ಮಾತ್ರ ಕೇಳ್ಸತ್ತೆ." ಇಲ್ಲಿರುವ ಹೆಂಗಸರೆಲ್ಲ ನಗುತ್ತಿದ್ದೀರಿ, ನಿಮ್ಮ ಮನೆಯಲ್ಲೂ ಇದೇ ಮಾತು ಅಂತಾಯಿತು. ಅಪ್ಪನನ್ನು ಕೇಳಿದರೆ, "ಕೇಳ್ಸತ್ತೆ ಕಣಮ್ಮಾ, ಏನು ಅಂತ ಗೊತ್ತಾಗಲ್ಲ" ಅನ್ನುತ್ತಿದ್ದರು. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅದೇ ನಾವೆಲ್ಲ ಆಯಿಷ್ ಅನ್ನುವ ಕಡೆ, ಓದಿದ ಮೇಲೂ ಆ ವಾಕ್ಯಕ್ಕೆ ಸರಿಯಾದ ಅರ್ಥ ಹಚ್ಚಲು ಬಹಳ ವರ್ಷ ಹಿಡಿಯಿತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಒಂದು ವಾಕ್ಯದ ಬಗ್ಗೆಯೇ.

ಸದ್ದು ಕಿವಿ ಕೆಡಿಸುತ್ತದೆ ಎನ್ನುವುದು ಹೊಸ ಸುದ್ದಿಯೇನಲ್ಲ. 1713ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ವೆನಿಸ್ ನಗರದ ತಾಮ್ರದ ಕೆಲಸದವರ ಬಗ್ಗೆ ಬರೆದ. ದಿನವಿಡೀ ಸುತ್ತಿಗೆ ಬಡಿಯುವ ಇವರಿಗೆ ಮೊದಲು ಕಿವಿ ಮಂದವಾಗುತ್ತದೆ, ಮುಪ್ಪಿಗೆ ಪೂರ್ತಿ ಕಿವುಡಾಗುತ್ತಾರೆ ಎಂದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ 100 ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದ. ಆಗ ಇಂದಿನ ಹಾಗೆ ಕಿವಿ ಅಳೆಯುವ ಯಂತ್ರಗಳಿರಲಿಲ್ಲ. ಗಡಿಯಾರವನ್ನು ಕಿವಿಯಿಂದ ದೂರ ಒಯ್ಯುತ್ತಾ, ಟಿಕ್ ಟಿಕ್ ಎಲ್ಲಿಯವರೆಗೆ ಕೇಳಿಸುತ್ತದೆ ಅಂತ ಅಳೆದ. ನೂರರಲ್ಲಿ ಒಬ್ಬನ ಕಿವಿಯೂ ನೆಟ್ಟಗಿರಲಿಲ್ಲ.

ನಮಗೆ ಹತ್ತಿರದ ಅಧ್ಯಯನ ಇನ್ನೊಂದಿದೆ. ಸ್ಕಾಟ್ಲೆಂಡಿನ ಡಂಡಿ ಎಂಬ ಊರು ಬಂಗಾಳದಿಂದ ಹೋದ ಸೆಣಬನ್ನು ನೇಯ್ದು ಬದುಕಿದ ಊರು. ಅಲ್ಲಿಯ ಸೆಣಬಿನ ಮಗ್ಗಗಳಲ್ಲಿ ದುಡಿದ ಹೆಂಗಸರ ಕಿವಿಯನ್ನು ಟೇಲರ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿ 1965ರಲ್ಲಿ ಪ್ರಕಟಿಸಿದರು. ಒಂದೆರಡು ವರ್ಷ ಕೆಲಸ ಮಾಡಿದವರಿಂದ ಹಿಡಿದು ಐವತ್ತು ವರ್ಷ ದುಡಿದು ಬಿಟ್ಟವರವರೆಗೆ ಎಲ್ಲರೂ ಇದ್ದರು. ಅಲ್ಲಿ ಕಂಡದ್ದು ಇಷ್ಟು: 4000 ಹರ್ಟ್ಸ್ ಎನ್ನುವ ಕೀಚಲು ಸ್ವರದ ಜಾಗದಲ್ಲಿ ಕಿವಿ ಮೊದಲು ಬೀಳುತ್ತದೆ, ಅದೂ ಮೊದಲ ಹತ್ತು ಹದಿನೈದು ವರ್ಷದಲ್ಲೇ ಬಹುಪಾಲು ಬಿದ್ದುಹೋಗುತ್ತದೆ. ಅದರ ಕೆಳಗಿನ, ಮಾತಿಗೆ ಇನ್ನೂ ಹೆಚ್ಚು ಬೇಕಾದ ಸ್ವರಗಳು ಆಮೇಲೆ, ನಿಧಾನವಾಗಿ ಹೋಗುತ್ತವೆ. "ನಂಗೀಗ ಐವತ್ತಾಯ್ತು, ಇನ್ನೇನು ಕಿವಿ ಕಾಪಾಡ್ಕೊಳ್ಳೋದು" ಅನ್ನುವ ಯಜಮಾನರ ಮಾತು ಅರ್ಧ ನಿಜ. ಆದರೆ ಇವತ್ತು ಮಗ್ಗಕ್ಕೆ ಕೈ ಹಾಕಿದ ಇಪ್ಪತ್ತರ ಹುಡುಗನಿಗೆ ಅದು ಪೂರ್ತಿ ಸುಳ್ಳು.

4000 ಯಾಕೆ? ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದು ತನ್ನದೇ ಒಂದು ಸ್ವರದಲ್ಲಿ ಮೊಳಗುತ್ತದೆ. ನಮ್ಮ ಕಿವಿಯ ನಾಳವೂ ಸುಮಾರು ಎರಡೂವರೆ ಸೆಂಟಿಮೀಟರಿನ, ಒಂದು ಕಡೆ ತಮಟೆಯಿಂದ ಮುಚ್ಚಿದ ಕೊಳವೆ. ಅದು 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಗ್ಗಿಸಿ ಒಳಗೆ ಕಳಿಸುತ್ತದೆ. ಜೋರು ಸದ್ದಿನ ಪೆಟ್ಟು ಬೀಳುವುದು ಆ ಸ್ವರಕ್ಕಿಂತ ಸ್ವಲ್ಪ ಮೇಲಿನ ಜಾಗಕ್ಕೆ. ಅದಕ್ಕೇ ಬಾಯ್ಲರ್ ಬಡಿದವನಿಗೂ ಮಗ್ಗ ಓಡಿಸಿದವನಿಗೂ ಕಿವಿ ಪರೀಕ್ಷೆಯಲ್ಲಿ ಬರೆಯುವ ಗೆರೆ ಒಂದೇ ಕಡೆ ಹಳ್ಳ ಬೀಳುತ್ತದೆ.

ಈಗ ನಿಮ್ಮ ಆಟಕ್ಕೆ ವಾಪಸ್ ಬನ್ನಿ. ಮಾತಿನ ಗಟ್ಟಿತನವೆಲ್ಲ ಇರುವುದು ಸ್ವರಾಕ್ಷರಗಳಲ್ಲಿ: ಆ, ಊ, ಓ. ಅವು ತಗ್ಗಿನ ನಾದಗಳು, ಜೋರು. ಸ, ಶ, ಚ, ತ, ಕ ಇವೆಲ್ಲ ಗಾಳಿಯ ಸೀಳು, ಮೆಲು, ಕೀಚಲು. ಸಾಲು, ಹಾಲು, ಕಾಲು, ಮೂರರಲ್ಲೂ "ಆಲು" ನಿಮಗೆ ಚೆನ್ನಾಗಿಯೇ ಕೇಳಿಸಿತು. ಹೋದದ್ದು ತಲೆಯ ಮೇಲಿನ ಆ ಒಂದು ಚೂರು. ಅಪ್ಪನಿಗೆ ಬೆಕ್ಕು ಉರುಳಿಸಿದ ಪಾತ್ರೆ ಕೇಳಿಸಿದ್ದು ನಿಜ, ಬೀಗರ ಮಾತು ತಿಳಿಯದೆ ಹೋದದ್ದೂ ನಿಜ. ಅಮ್ಮನ ತೀರ್ಪು ಮಾತ್ರ ತಪ್ಪಾಗಿತ್ತು. (ಇದನ್ನು ಅಮ್ಮನಿಗೆ ವಿವರಿಸಿ ಹೇಳಿದೆ. "ಆದ್ರೂ ದುಡ್ಡಿನ ಮಾತು ಹೆಂಗೆ ಕೇಳ್ಸತ್ತೆ?" ಅಂದರು. ಅದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ.)

ಇಷ್ಟರವರೆಗಿನದು ಹಳೆಯ ಪಾಠ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯಿದೆ, ಕಾಕ್ಲಿಯಾ ಅಂತ. ಅದರಲ್ಲಿ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ಒಳಸಾಲಿನವು ಸುಮಾರು 3,500, ಸದ್ದನ್ನು ನರಕ್ಕೆ ದಾಟಿಸುವವು ಅವು. ಉಳಿದವು ಹೊರಸಾಲಿನವು, ತಾವೇ ಕುಣಿದು ಮೆಲು ಸದ್ದನ್ನು ಎತ್ತಿಕೊಡುತ್ತವೆ. ಜೋರು ಸದ್ದಿಗೆ ಮೊದಲು ಸಾಯುವುದು ಹೊರಸಾಲು. ಸತ್ತದ್ದು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಮರಿಯಲ್ಲಿ ಹುಟ್ಟುತ್ತದೆ ಅಂತ 1988ರಲ್ಲಿ ಗೊತ್ತಾಯಿತು. ಅಂದಿನಿಂದ ಕೋಳಿಗೆ ಆಗುವುದು ನಮಗೇಕೆ ಆಗದು ಅಂತ ಹುಡುಕಾಟ ನಡೆದೇ ಇದೆ.

ನನ್ನ ತಲೆ ಕೆಡಿಸಿದ್ದು ನನ್ನ ತಮ್ಮ. ಮಗ್ಗಕ್ಕೆ ಕೂತು ನಾಲ್ಕು ವರ್ಷವಾಗಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಕಿವಿ ಗುಂಯ್ ಅನ್ನುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ, ಆದರೆ ಹೋಟೆಲಲ್ಲಿ ನಾಲ್ಕು ಜನ ಕೂತು ಮಾತಾಡಿದರೆ ತನಗೆ ಹಿಡಿಯುವುದಿಲ್ಲ ಅಂದ. ಊರಿನ ಒಂದು ಆಸ್ಪತ್ರೆಗೆ ಹೋದ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೀಂ ಕೀಂ ಕೇಳಿದಾಗ ಗುಂಡಿ ಒತ್ತು ಅಂದರು. ಒತ್ತಿದ. ಗೆರೆ ನೆಟ್ಟಗೆ ಬಂತು. "ನಾರ್ಮಲ್, ಏನೂ ಇಲ್ಲ, ಮೊಬೈಲ್ ನೋಡೋದು ಕಮ್ಮಿ ಮಾಡು" ಅಂತ ಕಳಿಸಿದರು. ಅವನಿಗೆ ಅವಮಾನವಾಯಿತು. ಸುಳ್ಳು ಹೇಳಿದ ಹಾಗಾಯಿತಲ್ಲ ಅಂದ.

2009ರಲ್ಲಿ ಬಾಸ್ಟನ್ನಿನ ಶಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಗಳಿಗೆ 100 ಡೆಸಿಬೆಲ್ ಸದ್ದನ್ನು ಎರಡು ಗಂಟೆ ಕೇಳಿಸಿದರು, ಒಂದೇ ಒಂದು ಸಲ. ಎರಡು ಗಂಟೆ ಅಂದರೆ ನಿಮಗೆ ಟೀಗೆ ಮುಂಚಿನ ಪಾಳಿ. ಇಲಿಗಳ ಕಿವಿ ಮಂದವಾಯಿತು, ಎರಡು ವಾರದಲ್ಲಿ ವಾಪಸ್ ಬಂತು. ಪರೀಕ್ಷೆಯ ಗೆರೆ ನೆಟ್ಟಗಾಯಿತು. ರೋಮಕೋಶಗಳನ್ನು ಎಣಿಸಿದರೆ ಒಂದೂ ಸತ್ತಿರಲಿಲ್ಲ. ಹಳೆಯ ಪಾಠದ ಪ್ರಕಾರ ಇದು ವಾಸಿಯಾದ ಕಿವಿ. ಆದರೆ ಅವರು ಅಲ್ಲಿಗೆ ನಿಲ್ಲಿಸದೆ ರೋಮಕೋಶಕ್ಕೂ ನರಕ್ಕೂ ನಡುವಿನ ಗಂಟುಗಳನ್ನು ಎಣಿಸಿದರು. ಕಾಕ್ಲಿಯಾದ ಕೀಚಲು ಸ್ವರದ ಕಡೆ ಅರ್ಧದಷ್ಟು ಗಂಟುಗಳು ಬಿಚ್ಚಿಹೋಗಿದ್ದವು, ಅದೂ ಮೊದಲ ದಿನವೇ. ಅವು ಕೂಡಿಕೊಳ್ಳಲಿಲ್ಲ. ಗಂಟು ಬಿಚ್ಚಿದ ನರಗಳು ತಿಂಗಳು, ವರ್ಷ ಕಳೆಯುತ್ತಾ ಒಂದೊಂದಾಗಿ ಸತ್ತವು.

ಹೀಗೇಕೆ ಆಗುತ್ತದೆ ಅಂದರೆ, ಜೋರು ಸದ್ದಿಗೆ ರೋಮಕೋಶವು ನರದ ತುದಿಗೆ ಗ್ಲುಟಮೇಟ್ ಎಂಬ ರಸವನ್ನು ಸುರಿಯುತ್ತದೆ. ಹದವಾಗಿ ಸುರಿದರೆ ಅದೇ ಸಂದೇಶ. ಹದ ಮೀರಿದರೆ ನರದ ತುದಿ ಊದಿಕೊಂಡು ಸಿಡಿಯುತ್ತದೆ.

ಅರ್ಧ ನರ ಹೋದರೂ ಪರೀಕ್ಷೆಯಲ್ಲಿ ಗೊತ್ತಾಗಲಿಲ್ಲವಲ್ಲ, ಹೇಗೆ? ಇದನ್ನು ನಿಮಗಿಂತ ಚೆನ್ನಾಗಿ ಯಾರಿಗೂ ಹೇಳಲಾಗದು. ಮನುಷ್ಯನ ಒಂದು ಕಿವಿಯಿಂದ ಮಿದುಳಿಗೆ ಸುಮಾರು 30,000 ನರದ ಎಳೆ ಹೋಗುತ್ತವೆ. ಅದನ್ನು ಒಂದು ಹಾಸು ಅಂದುಕೊಳ್ಳಿ. ಹಾಸಿನಲ್ಲಿ ಎಳೆಬಿಟ್ಟು ಎಳೆ ಕಿತ್ತುಹೋದರೂ ಹೊಕ್ಕು ಹಾಕಿ ನೇಯ್ದರೆ ಬಟ್ಟೆ ಅನ್ನುವುದು ಬರುತ್ತದೆ. ದೂರದಿಂದ ನೋಡಿದವರು ಸೀರೆ ಅಂದೇ ಅನ್ನುತ್ತಾರೆ. ಆದರೆ ಬುಟ್ಟಾ ಎಲ್ಲಿ? ಅಂಚಿನ ಗೋಪುರ ಎಲ್ಲಿ? ಗಾಜಿನ ಕೋಣೆಯ ಕೀಂ ಕೀಂ ಪರೀಕ್ಷೆ ಕೇಳುವುದು "ಬಟ್ಟೆ ಇದೆಯಾ" ಅಂತ ಮಾತ್ರ. ನಿಶ್ಶಬ್ದದಲ್ಲಿ ಒಂದು ಮೆಲು ಸ್ವರ ಪತ್ತೆ ಹಚ್ಚಲು ಕೆಲವೇ ಎಳೆಗಳು ಸಾಕು. ನಾಲ್ಕು ಜನರ ಗದ್ದಲದಲ್ಲಿ ಒಬ್ಬನ ಮಾತನ್ನು ಆರಿಸಿಕೊಳ್ಳಲು ಎಲ್ಲ ಎಳೆಗಳೂ ಬೇಕು. ಅದರಲ್ಲೂ, ಮೆಲು ಸದ್ದಿಗೆ ಸುಮ್ಮನಿದ್ದು ಗದ್ದಲದಲ್ಲಿ ಮಾತ್ರ ಕೆಲಸಕ್ಕೆ ಬರುವ ಒಂದು ಜಾತಿಯ ನರಗಳಿವೆ. ಪ್ರಾಣಿಗಳಲ್ಲಿ ಮೊದಲು ಹೋಗುವುದು ಅವೇ. ಸಂಶೋಧಕರು ಇದಕ್ಕೆ "ಅಡಗಿದ ಕಿವುಡು" ಅಂತ ಹೆಸರಿಟ್ಟರು.

ಇಲ್ಲಿ ನಾನು ಕೈ ತಡೆದು ಮಾತಾಡಬೇಕು. ಇಲಿಯಲ್ಲಿ ಇದು ಸ್ಪಷ್ಟ. ಕೋತಿಗಳಲ್ಲೂ ಕಂಡಿದೆ, ಆದರೆ ಅವುಗಳ ಕಿವಿ ಇಲಿಗಿಂತ ಗಟ್ಟಿ, ಹೆಚ್ಚು ಸದ್ದು ಬೇಕಾಯಿತು. ಬದುಕಿರುವ ಮನುಷ್ಯನ ಕಿವಿ ಬಿಚ್ಚಿ ಗಂಟು ಎಣಿಸುವುದು ಆಗದ ಮಾತು. ಸತ್ತವರ ಕಿವಿಯ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ, ವಯಸ್ಸಾದಂತೆ ರೋಮಕೋಶಗಳಿಗಿಂತ ನರಗಳೇ ಹೆಚ್ಚು ಕಳೆದುಹೋಗಿರುವುದು ಕಂಡಿದೆ. ಬದುಕಿರುವ ಯುವಕರಲ್ಲಿ ಹೊರಗಿನಿಂದ ಅಳೆಯಲು ಹೊರಟ ಅಧ್ಯಯನಗಳು ಒಂದಕ್ಕೊಂದು ಒಪ್ಪುವುದಿಲ್ಲ. ಸದ್ದಿನಲ್ಲಿ ಬೆಳೆದವರಿಗೂ ಬೆಳೆಯದವರಿಗೂ ವ್ಯತ್ಯಾಸವಿದೆ ಅಂತ ಒಂದು ಗುಂಪು, ಏನೂ ಇಲ್ಲ ಅಂತ ಇನ್ನೊಂದು. ನನ್ನ ತಮ್ಮನಿಗೆ ಇದೇ ಆಗಿದೆ ಅಂತ ನಾನು ಬರೆದು ಕೊಡಲಾರೆ. ಆದರೆ "ನಾರ್ಮಲ್, ಏನೂ ಇಲ್ಲ" ಅಂತ ಬರೆದುಕೊಡುವ ಹಕ್ಕು ಆ ಗೆರೆಗೂ ಇಲ್ಲ. ಗೆರೆ ಹೇಳುವುದು ಗೆರೆಯಷ್ಟನ್ನೇ.

ಹಾಗಾಗಿ ಪರೀಕ್ಷೆಗೆ ಹೋದಾಗ ಬಾಯಿಬಿಟ್ಟು ಕೇಳಿ: ಗದ್ದಲದಲ್ಲಿ ಮಾತು ಎಷ್ಟು ಹಿಡಿಯುತ್ತದೆ ಅಂತಲೂ ನೋಡಿ ಅನ್ನಿ. ಇಂಗ್ಲಿಷ್ ಪದ ಕೇಳಿಸಿ ನಮ್ಮ ಕಿವಿ ಅಳೆದರೆ ಪ್ರಯೋಜನವಿಲ್ಲ. ಕನ್ನಡದ್ದೇ ಪದಪಟ್ಟಿಗಳಿವೆ. ಹಿಂದೆ ಜನರ ಗದ್ದಲ ಇಟ್ಟು, ಕನ್ನಡ ವಾಕ್ಯ ಹೇಳಿಸಿ, ಗದ್ದಲ ಏರಿಸುತ್ತಾ ಹೋಗುವ ಪರೀಕ್ಷೆಯೂ ಇದೆ.

ಈಗ ಲೆಕ್ಕ. ಲಾಳಿ ಮಗ್ಗದ ಶೆಡ್ಡಿನಲ್ಲಿ ಸಾಮಾನ್ಯವಾಗಿ 95ರಿಂದ 100 ಡೆಸಿಬೆಲ್ ಸದ್ದಿರುತ್ತದೆ. ಲಾಳಿಯನ್ನು ಕೋಲು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಹೊಡೆದು ಆ ಕಡೆ ಈ ಕಡೆ ಅಟ್ಟುತ್ತದಲ್ಲ, ಮುಖ್ಯವಾಗಿ ಅದರ ಏಟಿನ ಸದ್ದು. ಡೆಸಿಬೆಲ್ ನಮ್ಮ ಮೀಟರ್ ಲೆಕ್ಕದ ಹಾಗಲ್ಲ. ಮೂರು ಹೆಚ್ಚಿದರೆ ಸದ್ದಿನ ಶಕ್ತಿ ಎರಡರಷ್ಟು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಯೋಷ್ ಹೇಳುವುದು 85 ಡೆಸಿಬೆಲ್‌ನಲ್ಲಿ 8 ಗಂಟೆ. ಮೂರು ಏರಿದಂತೆ ಹೊತ್ತು ಅರ್ಧ ಮಾಡುತ್ತಾ ಬನ್ನಿ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಬೆಳಿಗ್ಗೆ ಸ್ವಿಚ್ ಹಾಕಿ, ಮೊದಲ ಕಂಡಿಕೆ ಬದಲಾಯಿಸಿ, ಟೀ ಲೋಟ ಕೈಗೆ ಬರುವ ಹೊತ್ತಿಗೆ ಆ ದಿನದ ಪಾಲು ಮುಗಿದಿರುತ್ತದೆ. ನಮ್ಮ ಕಾರ್ಖಾನೆ ನಿಯಮಗಳು ಒಪ್ಪಿರುವುದು 90 ಡೆಸಿಬೆಲ್‌ಗೆ 8 ಗಂಟೆ. ನಯೋಷ್ ಲೆಕ್ಕದಲ್ಲಿ ಅದೇ 90ಕ್ಕೆ ಎರಡೂವರೆ ಗಂಟೆ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ಸದ್ದಿನಿಂದ ಬಂದ ಕಿವುಡು ಕೂಡ ಇತ್ತು. ಕಂಡುಹಿಡಿದ ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಅದು. ಆದರೆ ಆ ಕಾಯ್ದೆ ಬರೆದವರ ಕಣ್ಣಲ್ಲಿ ಕರೆಂಟು ಬಳಸುವ ಕಡೆ ಕಾರ್ಖಾನೆ ಅನ್ನಿಸಿಕೊಳ್ಳಲು ಹತ್ತು ಕೆಲಸಗಾರರಾದರೂ ಬೇಕಿತ್ತು. ನಡುಮನೆಯಲ್ಲಿ ಎರಡು ಮಗ್ಗ, ಓಡಿಸುವವರು ಗಂಡ ಹೆಂಡತಿ ಅಂದರೆ ಅದು ಬರೀ ಮನೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹಗಲು 55 ಡೆಸಿಬೆಲ್ ಅನ್ನುತ್ತದೆ. ಈ ಬೀದಿಯಲ್ಲಿ ನಿಂತು ಅದನ್ನು ಓದಿದರೆ ನಗು ಬರುತ್ತದೆ. ನಿಯಮ ತಪ್ಪು ಅನ್ನುತ್ತಿಲ್ಲ. ಅದಕ್ಕೂ ನಿಮಗೂ ಪರಿಚಯವಿಲ್ಲ, ಅಷ್ಟೇ.

ಔಷಧಿ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಎಫ್‌ಎಕ್ಸ್-322 ಅಂತ ಒಂದು ಮದ್ದು, ರೋಮಕೋಶ ಮತ್ತೆ ಬೆಳೆಸುತ್ತದೆ ಅಂತ ಬಹಳ ಆಸೆ ಹುಟ್ಟಿಸಿತ್ತು. 2023ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಬಿಚ್ಚಿದ ಗಂಟುಗಳನ್ನು ಮತ್ತೆ ಕೂಡಿಸುವ ಕೆಲಸ ಇಲಿಯಲ್ಲಿ ಆಗಿದೆ, ಅಲ್ಲಿಗೇ ನಿಂತಿದೆ. ಯಾರಾದರೂ ಎಣ್ಣೆ ಬಿಟ್ಟು ಸರಿ ಮಾಡುತ್ತೇನೆ ಅಂದರೆ ಆ ದುಡ್ಡಿಗೆ ಇದನ್ನು ತಗೊಳ್ಳಿ.

ಸ್ಪಂಜಿನ ಪ್ಲಗ್. ಹೀಗೆ ಕೊಟ್ಟರೆ ಎಲ್ಲರೂ ಕಿವಿ ಬಾಯಿಗೆ ತುರುಕಿ, "ಏನೂ ಕಮ್ಮಿ ಆಗಲ್ಲ" ಅಂತ ಎಸೆಯುತ್ತಾರೆ. ನೋಡಿ, ಕೈ ತೊಳೆದುಕೊಂಡು ಎರಡು ಬೆರಳಲ್ಲಿ ಊದುಬತ್ತಿ ಹೊಸೆದ ಹಾಗೆ ಹೊಸೆಯಿರಿ, ಸುಕ್ಕು ಬೀಳಬಾರದು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಮೇಷ್ಟ್ರು ಹಿಂಡುತ್ತಿದ್ದರಲ್ಲ ಹಾಗೆ. ಆಗ ನಾಳ ನೆಟ್ಟಗಾಗುತ್ತದೆ. ಒಳಗೆ ಬಿಟ್ಟು ಬೆರಳಲ್ಲಿ ಒತ್ತಿ ಮೂವತ್ತು ಎಣಿಸಿ. ಅದು ಹಿಗ್ಗಿ ಕೂರಬೇಕು. ನಿಮ್ಮದೇ ಮಾತು ಮಡಕೆಯೊಳಗಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ. ಹತ್ತಿ ತುರುಕಿಕೊಳ್ಳುವುದು ಮನಸ್ಸಿನ ಸಮಾಧಾನಕ್ಕೆ, ಸದ್ದು ಅದರೊಳಗೆ ಸಲೀಸಾಗಿ ನುಗ್ಗುತ್ತದೆ.

ಇನ್ನೊಂದು ಲೆಕ್ಕ ನನಗೇ ಮೊದಲು ನಂಬಲಾಗಿರಲಿಲ್ಲ. 30 ಡೆಸಿಬೆಲ್ ತಡೆಯುವ ಪ್ಲಗ್ಗನ್ನು ಪಾಳಿಯ ಅರ್ಧ ಹೊತ್ತು ತೆಗೆದಿಟ್ಟರೆ ನಿಮಗೆ ಸಿಗುವ ರಕ್ಷಣೆ 15 ಅಲ್ಲ, 3. ಬಿಚ್ಚಿಟ್ಟ ಅರ್ಧ ಹೊತ್ತಿನಲ್ಲಿ ಅರ್ಧ ದಿನದ ಸದ್ದು ಪೂರ್ತಿ ಒಳಗೆ ಹೋಯಿತಲ್ಲ. ಎಂಟು ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದರೂ 12ಕ್ಕಿಂತ ಹೆಚ್ಚು ಸಿಗದು. ಹಾಗಾಗಿ ಕಡಿಮೆ ತಡೆದರೂ ಪರವಾಗಿಲ್ಲ, ಪೂರ್ತಿ ಹೊತ್ತು ಕಿವಿಯಲ್ಲಿ ಉಳಿಯುವ ಪ್ಲಗ್ ಒಳ್ಳೆಯದು.

ಎಳೆ ಕಡಿದರೆ ಸದ್ದಲ್ಲೇ ಗೊತ್ತಾಗಬೇಕು, ಪ್ಲಗ್ ಹಾಕಿದರೆ ಹೇಗೆ ಅಂತ ಆಗಲೇ ಒಬ್ಬರು ಗೊಣಗಿದರು. ನ್ಯಾಯವಾದ ಮಾತು. ಪ್ಲಗ್ ಮಗ್ಗದ ಒಟ್ಟು ಸದ್ದನ್ನೂ ಆ ಸಣ್ಣ ವ್ಯತ್ಯಾಸವನ್ನೂ ಹೆಚ್ಚುಕಮ್ಮಿ ಒಟ್ಟಿಗೇ ತಗ್ಗಿಸುತ್ತದೆ, ಆದ್ದರಿಂದ ನೆಟ್ಟಗಿರುವ ಕಿವಿಗೆ ವಾರದಲ್ಲಿ ಹೊಂದಿಕೆಯಾಗುತ್ತದೆ. ಆಗಲೇ ಕಿವಿ ಹೋದ ಯಜಮಾನರಿಗೆ ಮಾತ್ರ ನಿಜವಾದ ತೊಂದರೆ. ಅವರಿಗೆ ಕಡಿಮೆ ತಡೆಯುವ ಪ್ಲಗ್ ಕೊಡಬೇಕು, ಎಳೆ ನೋಡಲು ಬೆಳಕು ಹೆಚ್ಚಿಸಬೇಕು.

ಮಾತು ಮುಗಿಸಿ ಮೈಕ್ ಕೆಳಗಿಡುವಾಗ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು. "ಮೇಡಂ, ನಮ್ಮ ಪಾಪೂನ ಮಗ್ಗದ ಪಕ್ಕದಲ್ಲೇ ತೊಟ್ಲಲ್ಲಿ ಹಾಕ್ತೀವಿ. ಮಗ್ಗ ಆಡ್ತಾ ಇದ್ರೆ ಚೆನ್ನಾಗಿ ಮಲಗತ್ತೆ, ಕರೆಂಟ್ ಹೋದ್ರೇನೇ ಎದ್ದು ಅಳತ್ತೆ. ಅದಕ್ಕೆ ರೂಢಿ ಆಗಿದೆ ಅಲ್ವಾ?"

"ರೂಢಿ ಆಗಿರೋದು ಮಿದುಳಿಗಮ್ಮಾ" ಅಂದೆ. "ಕಿವಿಗೆ ರೂಢಿ ಅನ್ನೋದೇ ಇಲ್ಲ. ನಿದ್ದೇಲೂ ಅದು ಮುಚ್ಚಿಕೊಳ್ಳಲ್ಲ."

"ದೂರ ಇಟ್ರೆ ಸಾಕಾ?"

ಬಯಲಲ್ಲಾದರೆ ದೂರ ಎರಡರಷ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಶೀಟ್ ಹೊದಿಸಿದ ಮುಚ್ಚಿದ ಕೋಣೆಯಲ್ಲಿ ಸದ್ದು ಗೋಡೆಗೆ, ಶೀಟಿಗೆ ಬಡಿದು ಸುತ್ತುತ್ತಲೇ ಇರುತ್ತದೆ, ಈ ಮೂಲೆಗೂ ಆ ಮೂಲೆಗೂ ಅಷ್ಟೇನೂ ವ್ಯತ್ಯಾಸವಿರುವುದಿಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಹೋಗಿ ನೋಡುವುದು ವಾಸಿ ಅಂತ ಸದ್ದಿನ ಮೀಟರ್ ತೆಗೆದುಕೊಂಡು ಅವಳ ಜೊತೆ ಹೊರಟೆ. ಎರಡು ಮನೆ ಆಚೆಯೇ ಇತ್ತು. ತೊಟ್ಟಿಲ ಹತ್ತಿರ ಮೀಟರ್ ಹಿಡಿದೆ, ಕೋಣೆಯ ಎದುರು ಮೂಲೆಯಲ್ಲಿ ಹಿಡಿದೆ, ಅಂಕಿ ಬಹಳ ಇಳಿಯಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡೆವು. ಅವಳು ಮೀಟರಿನ ಪರದೆಯನ್ನೇ ನೋಡುತ್ತಿದ್ದಳು. ಬಾಗಿಲು ತೆರೆದಳು, ಅಂಕಿ ಏರಿತು. ಮುಚ್ಚಿದಳು, ಇಳಿಯಿತು. ಇನ್ನೊಂದು ಸಲ ತೆರೆದು ಮುಚ್ಚಿದಳು. ಆಮೇಲೆ ಮಗ್ಗದ ಮುಂದಿದ್ದ ಅತ್ತೆಯ ಕಡೆ ತಿರುಗಿ, ದನಿಯಿಲ್ಲದೆ ಬಾಯಿ ಆಡಿಸಿ, ಮೇಲಿನ ತೊಲೆ ತೋರಿಸಿ, ಅಡುಗೆಮನೆ ಕಡೆ ಕೈ ಮಾಡಿದಳು. ಅತ್ತೆ ಮಗ್ಗ ನಿಲ್ಲಿಸಿ, ಮಣೆ ಹಾಕಿಕೊಂಡು ಹತ್ತಿ, ತೊಟ್ಟಿಲ ಹಗ್ಗದ ಗಂಟು ಬಿಚ್ಚತೊಡಗಿದರು. ಮಗ್ಗ ನಿಂತದ್ದಕ್ಕೆ ಮಗು ಎದ್ದು ಅಳಲು ಶುರುಮಾಡಿತು.